ಸಂಜೆಯ ಪ್ರಾರ್ಥನೆಯಲ್ಲಿ ತಮ್ಮನ ಸರದಿ

ಕಳೆದ ತಿಂಗಳು ನಮ್ಮ ಚರ್ಚಿನ ಸಭೆಯ ಕೆಲವು ಎಳೆಯ ತಂದೆತಾಯಂದಿರು ನನ್ನನ್ನು ಮಾತಾಡಲು ಕರೆದಿದ್ದರು. ಮಕ್ಕಳು ದೊಡ್ಡವರಾದ ಮೇಲೂ ವಿಶ್ವಾಸದಲ್ಲಿ ಉಳಿಯಬೇಕಾದರೆ ಮನೆಯಲ್ಲಿ ಏನು ಮಾಡಬೇಕು ಎಂಬುದು ವಿಷಯ. “ನಿಮ್ಮದು ಪ್ರಾರ್ಥನೆಯ ಮನೆ ಅಲ್ವಾ ಆಂಟಿ, ನಿಮ್ಮಮ್ಮ ಏನು ಮಾಡ್ತಿದ್ರೋ ಅದನ್ನೇ ಹೇಳಿ ಸಾಕು” ಅಂದಳು ಒಬ್ಬಳು. ಗಂಟಲು ಸರಿಯಿಲ್ಲ ಎಂದು ಹೇಳಿ ತಪ್ಪಿಸಿಕೊಂಡೆ. ಅಮ್ಮ ಏನು ಮಾಡುತ್ತಿದ್ದಳೆಂದು ನನಗೆ ಗೊತ್ತು. ಅದರಿಂದ ಏನಾಯಿತೆಂದು ಇಂದಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಆ ಹುಡುಗಿಯ ಮುಖ ನೋಡಿಕೊಂಡು ಹೇಳಲಾರದೆ ಇಲ್ಲಿ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುವಾಗ ದಿನಚರಿ ಬರೆಯುವ ಅಭ್ಯಾಸ ಅಂಟಿಕೊಂಡಿತು. ಅದರಿಂದ ನೆನಪು ಗಟ್ಟಿಯಾಗುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಹಳೆಯ ಪುಟ ತೆಗೆದರೆ ಅಂದಿನ ನನ್ನ ಸಿಟ್ಟು ಸಿಗುತ್ತದೆ, ಸುಸ್ತು ಸಿಗುತ್ತದೆ. ಯಾರು ಯಾವ ಮಾತು ಆಡಿದರು ಎಂಬುದು ಸಿಗುವುದಿಲ್ಲ. ಆದ್ದರಿಂದ ಕೆಳಗೆ ಬರುವ ಮಾತುಗಳೆಲ್ಲ ನನ್ನ ಕಿವಿಯಲ್ಲಿ ಉಳಿದಂತೆ ಇವೆ. ನನ್ನ ಕಿವಿಯನ್ನು ನಾನೇ ಪೂರ್ತಿ ನಂಬುವುದಿಲ್ಲ.

ಅಪ್ಪ ಆರೋಗ್ಯ ಇಲಾಖೆಯಲ್ಲಿ ಮಲೇರಿಯಾ ಕೆಲಸದ ಇನ್ಸ್‌ಪೆಕ್ಟರ್. ಅಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸು. ಇಬ್ಬರಿಗೂ ಒಂದೇ ಊರು ಸಿಗಲಿ ಎಂದು ಅಪ್ಪ ಅರ್ಜಿ ಬರೆದೂ ಬರೆದೂ ನಾವು ಮೊದಲು ಪಾವಗಡದಲ್ಲಿ, ಆಮೇಲೆ ಶಿರಾದಲ್ಲಿ, ಕೊನೆಗೆ ಮಧುಗಿರಿಯಲ್ಲಿ ಇದ್ದೆವು. ಮಕ್ಕಳು ನಾವಿಬ್ಬರು, ನಾನು ಮತ್ತು ನನಗಿಂತ ಸಾಕಷ್ಟು ಚಿಕ್ಕವನಾದ ತಮ್ಮ.

ಯಾವ ಊರಿನ ಕ್ವಾರ್ಟರ್ಸಿನಲ್ಲಿದ್ದರೂ ಸಂಜೆಯ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ, ಊಟಕ್ಕೆ ಮೊದಲು. ಚಾಪೆ ಹಾಸಿ ಕೂತು ಒಂದು ಕೀರ್ತನೆ ಹಾಡಬೇಕು. ಸತ್ಯವೇದದ ಒಂದು ಅಧ್ಯಾಯವನ್ನು ಒಬ್ಬೊಬ್ಬರು ಒಂದೊಂದು ವಚನದಂತೆ ಓದಬೇಕು. ಆಮೇಲೆ ಕಣ್ಣು ಮುಚ್ಚಿ ಸರದಿಯ ಮೇಲೆ ಗಟ್ಟಿಯಾಗಿ ಪ್ರಾರ್ಥನೆ. ಚಿಕ್ಕವರು ಮೊದಲು: ತಮ್ಮ, ನಾನು, ಅಮ್ಮ, ಕೊನೆಗೆ ಅಪ್ಪ. ಒಬ್ಬರು ಆಮೆನ್ ಅನ್ನುವವರೆಗೂ ಮುಂದಿನವರು ಶುರು ಮಾಡುವಂತಿಲ್ಲ. ಇದು ಅಪ್ಪನ ಅಪ್ಪನ ಕಾಲದಿಂದ ಬಂದ ಕ್ರಮವಂತೆ.

ಅಮ್ಮನ ಪ್ರಾರ್ಥನೆಯೆಂದರೆ ನಮ್ಮಿಬ್ಬರ ದಿನದ ವರದಿ. ಅವಳು ನಮ್ಮನ್ನು ನೇರವಾಗಿ ಬೈದದ್ದು ಕಡಿಮೆ. ಬೈಯುವುದನ್ನೆಲ್ಲ ಕಣ್ಣು ಮುಚ್ಚಿಕೊಂಡು ದೇವರ ಮುಂದೆ ಇಡುತ್ತಿದ್ದಳು. ಶುರುವಿನಲ್ಲಿ ಭಾಷೆ ಸತ್ಯವೇದದ್ದು. “ಪರಲೋಕದ ತಂದೆಯೇ, ನಿನ್ನ ಪಾದಸನ್ನಿಧಿಗೆ ಬಂದಿದ್ದೇವೆ” ಎಂದು ಗಂಭೀರವಾಗಿ ಹೊರಟದ್ದು, ನಮ್ಮ ವಿಷಯಕ್ಕೆ ಬರುತ್ತಲೇ ಹೊಳವನಹಳ್ಳಿ ಕಡೆಯ ಅವಳ ತವರಿನ ಮಾತಿಗೆ ಇಳಿಯುತ್ತಿತ್ತು. “ಈ ದಿನ ಅಂಗ್ಡಿಯಿಂದ ಬರ್ತಾ ಬರ್ತಾ ಅರ್ಧ ಬೆಲ್ಲ ತಿಂದ್‌ಬುಟ್ಟವ್ನೆ ಕರ್ತನೇ. ಕೇಳಿದ್ರೆ ಇಲಿ ಅಂತಾನೆ. ಅವನಿಗೆ ಒಳ್ಳೆ ಬುದ್ಧಿ ಕೊಡು.” ತಮ್ಮನ ಸರದಿ ಆಗಲೇ ಮುಗಿದಿರುತ್ತಿತ್ತು. ಉತ್ತರ ಕೊಡಲು ಅವನು ಮರುದಿನದವರೆಗೆ ಕಾಯಬೇಕು. ಮರುದಿನ ಮೊದಲ ಮಾತೇ ಅದು. “ಯೇಸಪ್ಪಾ, ನಿನ್ನೆ ಅಮ್ಮ ಹೇಳಿದ್ದು ಪೂರ್ತಿ ನಿಜ ಅಲ್ಲ. ಕಾಲು ಭಾಗ ಅಂಗಡಿಯವರೇ ಕಮ್ಮಿ ತೂಗಿದ್ರು. ಅಮ್ಮಂಗೆ ಗೊತ್ತಾಗೋ ಹಂಗೆ ಮಾಡು. ಆಮೆನ್.” ಅಪ್ಪನ ಭುಜ ನಗುವಿಗೆ ಕುಲುಕುವುದು ಚಾಪೆಯ ಮೇಲೆ ನಮಗೆ ತಿಳಿಯುತ್ತಿತ್ತು. ಆ ವಯಸ್ಸಿನಲ್ಲಿ ಅದು ನಮಗೆ ಆಟ. ತಾಯಿ ಮಗ ದೇವರನ್ನು ನಡುವೆ ಕೂರಿಸಿಕೊಂಡು ಜಗಳವಾಡುತ್ತಿದ್ದರು. ದೇವರೂ ನಗುತ್ತಿರಬೇಕು ಎಂದು ನಾನು ಭಾವಿಸಿದ್ದೆ.

ಪಾವಗಡದಲ್ಲಿ ಚರ್ಚಿರಲಿಲ್ಲ, ಅಥವಾ ಇದ್ದರೂ ನಮಗೆ ಗೊತ್ತಿರಲಿಲ್ಲ. ಭಾನುವಾರ ನಮ್ಮ ಜಗಲಿಯಲ್ಲೇ ಆರಾಧನೆ. ಮೂರು ನಾಲ್ಕು ಮನೆಯವರು ಸೇರುತ್ತಿದ್ದರು. ಅವರಲ್ಲಿ ಆಂಧ್ರದ ಕಡೆಯ ಅಜ್ಜಿಯೊಬ್ಬಳು ನಮ್ಮ ಕೀರ್ತನೆಗಳನ್ನೇ ಅದೇ ರಾಗದಲ್ಲಿ ತೆಲುಗಿನಲ್ಲಿ ಹಾಡುತ್ತಿದ್ದಳು, ನಮ್ಮೆಲ್ಲರಿಗಿಂತ ಜೋರಾಗಿ. ತಮ್ಮ ಎರಡು ಭಾಷೆ ಕಲಸಿ ಹಾಡುವುದನ್ನು ಕಲಿತ. ಆರಾಧನೆ ಮುಗಿದ ಮೇಲೆ ಅಜ್ಜಿ ಅವನ ಜೇಬಿಗೆ ಹುರಿದ ಕಡಲೇಕಾಯಿ ತುಂಬುತ್ತಿದ್ದಳು. ಆ ಭಾನುವಾರಗಳಲ್ಲಿ ಅವನನ್ನು ಯಾರೂ ಕರೆಯಬೇಕಾಗಿರಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಚಾಪೆ ಕೊಡವುತ್ತಿದ್ದ. ಅಮ್ಮ ಮುಂದೆ ಎಷ್ಟೋ ಸಲ ಆ ಚಾಪೆ ಕೊಡವುವ ಹುಡುಗನನ್ನು ನೆನೆದು ಅತ್ತದ್ದನ್ನು ನೋಡಿದ್ದೇನೆ.

ಶಿರಾದಲ್ಲಿ ಅಮ್ಮನಿಗೆ ಮೊದಲ ಸಲ ಹೆದರಿಕೆ ಹುಟ್ಟಿತೆಂದು ಕಾಣುತ್ತದೆ. ತಮ್ಮ ಆಗ ಮಿಡ್ಲ್ ಸ್ಕೂಲು. ಪ್ರಾರ್ಥನೆಗೆ ಕೂತರೆ ಆಕಳಿಸುತ್ತಿದ್ದ, ಹೇಳಿದ್ದನ್ನೇ ಹೇಳಿ ಮುಗಿಸುತ್ತಿದ್ದ. ಪಕ್ಕದ ಮನೆಯವರು ಸಾಬರು, ಹೊಲಿಗೆ ಅಂಗಡಿಯವರು. ಅವರ ಗಂಡು ಮಕ್ಕಳು ಟೋಪಿ ಹಾಕಿಕೊಂಡು ಸಾಲಾಗಿ ಮಸೀದಿಗೆ ಹೋಗುವುದನ್ನು ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಆ ಮನೆಯಾಕೆಯನ್ನು ಕೇಳಿಯೇಬಿಟ್ಟಳು. “ಅದ್ಹೆಂಗೆ ಬೂವಾ ನಿಮ್ಮ ಹುಡುಗ್ರು ತಾವಾಗೇ ಹೋಗ್ತಾರೆ?”

“ತಾವಾಗೇ?” ಆಕೆ ಬಕೆಟ್ಟು ಕೆಳಗಿಟ್ಟು ನಕ್ಕಳು. “ಎಲ್ಲಿ ನರ್ಸಮ್ಮಾ! ಚಪ್ಲಿ ತಗಂಡು ಬಾಗ್ಲವರ್ಗೂ ಓಡಿಸ್ತೀನಿ ನಾನು. ಬಾಗ್ಲಿಂದ ಆಚಿಗೆ ಅಲ್ಲಾನೇ ಕರ್ಕಂಡ್ ಹೋಗ್ಬೇಕು.”

ಅಮ್ಮ ನಕ್ಕಳು. ಆದರೆ ಸಮಾಧಾನ ಸಿಕ್ಕಲಿಲ್ಲ. ಅವರ ಬಾಗಿಲಿನಾಚೆ ಬೀದಿ ತುಂಬ ಅವರವರೇ ಇದ್ದರು. ನಮ್ಮ ಬಾಗಿಲಿನಾಚೆ ನಮ್ಮವರೆಂದು ಯಾರೂ ಇರಲಿಲ್ಲ. “ನಮ್ದು ಒಂದೇ ಮನೆ ಕಣೆ,” ಅಂದಳು ನನಗೆ. “ಇಲ್ಲಿ ಬುಟ್ರೆ ಆಚೆ ಹಿಡಿಯೋರು ಯಾರವ್ರೆ?” ಅಂದಿನಿಂದ ಅವಳ ಪ್ರಾರ್ಥನೆ ಉದ್ದವಾಯಿತು. ಈ ಮಾತು ಶಿರಾದಲ್ಲೇ ಆಡಿದಳೇ, ಮಧುಗಿರಿಗೆ ಬಂದ ಮೇಲೆಯೇ ಎಂದು ಕೇಳಿದರೆ ಆಣೆ ಇಟ್ಟು ಹೇಳಲಾರೆ.

ಮಧುಗಿರಿಗೆ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಅಷ್ಟು ಹೊತ್ತಿಗೆ ನನ್ನ ಓದು ಮುಗಿದು, ಅಲ್ಲಿಯೇ ಜೂನಿಯರ್ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ತಮ್ಮ ಪಿಯುಸಿ ಸೇರಿದ. ಊರಿನಲ್ಲಿ ಒಂದು ಸಣ್ಣ ಸಭೆ ಇತ್ತು. ಆಸ್ಪತ್ರೆಯವರು, ಮೇಷ್ಟರು, ಬಸ್ ಡ್ರೈವರೊಬ್ಬರು, ನಿವೃತ್ತ ಜವಾನರೊಬ್ಬರು, ಅವರ ಮನೆಯವರು. ಪಾಸ್ಟರ್ ಅಯ್ಯನವರು ತುಮಕೂರಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರ ಅಪ್ಪನೇ ಆರಾಧನೆ ನಡೆಸುತ್ತಿದ್ದ.

ಒಂದು ಮಧ್ಯಾಹ್ನ ಅಮ್ಮ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತಮ್ಮ ಎದುರಿಗೆ ಕೂತು ತಾನೂ ಸುಲಿಯುತ್ತಿದ್ದ. ನಾನು ಒಳಗಿದ್ದೆ. ಅವನ ದನಿ ಕೇಳಿಸಿತು.

“ಅಮ್ಮಾ, ಒಂದ್ ಮಾತು ಹೇಳ್ತೀನಿ, ಬೈಬಾರ್ದು.”

“ಫೇಲಾದೇನೋ?”

“ಅದಲ್ಲ. ಪ್ರಾರ್ಥನೆ ಮಾಡೋವಾಗ, ಕೇಳಿಸ್ಕೊಳ್ಳೋರು ಯಾರೂ ಇಲ್ಲ ಅನ್ಸುತ್ತೆ ಕಣಮ್ಮ. ಖಾಲಿ ಮನೆ ಬಾಗ್ಲು ಬಡಿದಂಗೆ. ಬಹಳ ದಿನ ಆಯ್ತು.”

ಸಿಪ್ಪೆ ಬೀಳುವ ಸದ್ದು ನಿಂತಿತು. ಕೊನೆಗೆ ಅಮ್ಮ ಕೇಳಿದ್ದು, “ಊಟ ಸರಿಯಾಗಿ ಮಾಡ್ತಿದೀಯೇನೋ?” ಎಂದು. ಅವನು ನಕ್ಕು, “ಹೂಂ, ಬುಡು” ಅಂದ.

ಕಾರಣ ಹುಡುಕುವ ಕೆಲಸ ಅಂದೇ ಶುರುವಾಯಿತು. ಅಪ್ಪನ ಪ್ರಕಾರ ಅವನು ಲೈಬ್ರರಿಯಿಂದ ತರುತ್ತಿದ್ದ ಪುಸ್ತಕಗಳು. ಅಮ್ಮನ ಪ್ರಕಾರ ಸಿನಿಮಾ ಟೆಂಟು ಮತ್ತು ಗೆಳೆಯರು. ನಾನು ಓದಿದವಳಲ್ಲವೇ, ಅವನ ತರಗತಿಯ ಹುಡುಗನೊಬ್ಬ ಜ್ವರದಿಂದ ತೀರಿಹೋದದ್ದೇ ಕಾರಣ ಎಂದು ನಿರ್ಧರಿಸಿದೆ. ಆ ಹುಡುಗನಿಗಾಗಿ ನಾವು ದಿನವೂ ಪ್ರಾರ್ಥಿಸಿದ್ದೆವು. ತಮ್ಮನನ್ನು ಕೇಳಿದರೆ, “ಹಂಗೇನೂ ಇಲ್ಲಕ್ಕ. ಒಂದಿನ ನೋಡ್ಕೊಂಡೆ, ಇರ್ಲಿಲ್ಲ ಅಷ್ಟೇ” ಅಂದ. ಕಾರಣವಿಲ್ಲದೆ ಹೋಗಬಹುದಾದ ವಸ್ತು ವಿಶ್ವಾಸ ಎಂಬುದನ್ನು ನಮ್ಮಲ್ಲಿ ಯಾರೂ ಒಪ್ಪಲು ತಯಾರಿರಲಿಲ್ಲ. ಒಪ್ಪಿದರೆ ನಮ್ಮದೂ ಹಾಗೇ ಹೋಗಬಹುದಲ್ಲ.

ಮುಂದಿನ ಭಾನುವಾರ ಪಾಸ್ಟರ್ ಅಯ್ಯನವರು ಬಂದಿದ್ದರು. ಪ್ರಸಂಗಕ್ಕೆ ಮೊದಲು ಅವರು ಎಂದಿನಂತೆ ಕೇಳಿದರು, “ವಿಶೇಷ ಪ್ರಾರ್ಥನೆ ಯಾರಿಗಾದರೂ ಬೇಕಾ?” ನಮ್ಮ ಸಭೆಯಲ್ಲಿ ಇದಕ್ಕೆ ನಾಚಿಕೆಯಿಲ್ಲ. ಮಂಡಿನೋವು, ಮಗಳ ಮದುವೆ, ಡ್ರೈವರರ ವರ್ಗಾವಣೆ, ಹಾಲು ಕೊಡದ ಎಮ್ಮೆ ಎಲ್ಲವೂ ಎದ್ದು ನಿಂತು ಹೇಳುವಂಥವೇ. ಎತ್ತಲಾರದ ಭಾರವನ್ನು ಸಭೆಗೆ ತರಬೇಕೆಂದು ನಮಗೆಲ್ಲ ಕಲಿಸಿದ್ದರು. ಜವಾನರ ಹೆಂಡತಿ ತನ್ನ ಸೊಂಟದ ವಿಷಯ ಹೇಳಿ ಕೂತಳು. ಆಮೇಲೆ ಅಮ್ಮ ಎದ್ದಳು. ಅವಳು ಏಳುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಅಳುತ್ತಾ, ಮಗ ಹಿತ್ತಲಲ್ಲಿ ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದಳು. ಖಾಲಿ ಮನೆಯ ಬಾಗಿಲು ಬಡಿದಂತೆ ಎಂಬುದನ್ನೂ.

ಗಂಡಸರ ಕಡೆ ಚಾಪೆಯ ಮೇಲೆ ತಮ್ಮ ಇದ್ದ. ಅಯ್ಯನವರು ಅವನನ್ನು ಮುಂದಕ್ಕೆ ಕರೆದರು. ಬಂದ. ಹಿರಿಯರೆಲ್ಲ ಸುತ್ತ ನಿಂತು ಅವನ ತಲೆಯ ಮೇಲೆ, ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಸಂಡೆ ಸ್ಕೂಲಿನ ಮಕ್ಕಳು ಕಣ್ಣು ಬಿಟ್ಟು ನೋಡುತ್ತಿದ್ದವು. ಅಷ್ಟು ಕೈಗಳ ಕೆಳಗೆ ಅವನ ಮುಖ ನನಗೆ ಕಾಣಲಿಲ್ಲ, ಕಾಲು ಮಾತ್ರ ಕಂಡವು. ಒಂದು ಕಾಲಿನ ಹೆಬ್ಬೆರಳು ಇನ್ನೊಂದರ ಮೇಲೆ ಹತ್ತಿ ಕೂತಿತ್ತು, ಅವನು ಚಿಕ್ಕಂದಿನಲ್ಲಿ ಸೂಜಿ ಚುಚ್ಚಿಸಿಕೊಳ್ಳುವಾಗ ಮಾಡುತ್ತಿದ್ದಂತೆ.

ಹೊರಗೆ ಬಂದ ಮೇಲೆ ಎಲ್ಲರಿಗೂ ಒಂದೊಂದು ಮಾತು ಹೇಳುವುದಿತ್ತು. ಕೆಟ್ಟ ಮನಸ್ಸು ಯಾರದೂ ಅಲ್ಲ.

“ಏನ್ಲಾ, ದೇವ್ರು ಮನೇಲಿಲ್ವಂತೆ?” ಅಂದರು ಜವಾನರು. “ನಾನೂ ಆಫೀಸಲ್ಲಿ ಮೂವತ್ತು ವರ್ಷ ಸಾಹೇಬ್ರ ಬಾಗ್ಲಲ್ಲಿ ಕೂತಿದ್ದೋನು. ಒಳಗೇ ಇರ್ತಿದ್ರು, ಇಲ್ಲ ಅನ್ನು ಅಂತ ಹೇಳ್ಕಳ್ಸೋರು.”

“ಹಂಗಾದ್ರೆ ದೇವ್ರು ಸುಳ್ಳು ಹೇಳಿಸ್ತಾನಾ ತಾತಾ?” ಎಂದು ತಮ್ಮ ಕೇಳಿದ. ಡ್ರೈವರು ಜೋರಾಗಿ ನಕ್ಕು ಅವನ ಬೆನ್ನು ತಟ್ಟಿದರು. “ಇವೆಲ್ಲ ಬ್ರೇಕ್ ಇರೋವರ್ಗೂ ಕಣಪ್ಪ. ಪಾವಗಡದ ಇಳಿಜಾರಲ್ಲಿ ನಂದು ಬ್ರೇಕ್ ಹೋದಾಗ ನೋಡ್ಬೇಕಿತ್ತು, ಹೆಂಗ್ ಕರೆದೆ ಅಂತ.”

ಮನೆಗೆ ನಡೆಯುವಾಗ ಅವನು ಅಮ್ಮನಿಗೆ ಹೇಳಿದ್ದು ಇಷ್ಟೇ: “ನಾನು ಹೇಳಿದ್ದು ನಿಂಗೆ. ಮೈಕಲ್ಲಿ ಹೇಳು ಅಂದಿರ್ಲಿಲ್ಲ.”

“ಮೈಕು ಎಲ್ಲಿತ್ತೋ?”

“ನಿಂಗೆ ಮೈಕ್ ಬೇಕೇನಮ್ಮ?”

ಅಮ್ಮನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಮಗ ಬಾವಿಗೆ ಬಿದ್ದರೆ ಊರನ್ನು ಕೂಗಿ ಕರೆಯುವುದಿಲ್ಲವೇ ಎಂದು ನನ್ನನ್ನು ಕೇಳಿದಳು. ಅವನು ಬಾವಿಯ ಕಟ್ಟೆಯ ಮೇಲೆ ಕೂತು ನಿನ್ನ ಜೊತೆ ಮಾತಾಡುತ್ತಿದ್ದ ಎಂದು ನಾನು ಅಂದೆನೇ, ಅಥವಾ ಅನ್ನಬೇಕಿತ್ತು ಎಂದು ಎಷ್ಟೋ ವರ್ಷ ಅಂದುಕೊಂಡು ಈಗ ಅಂದೆನೆಂದೇ ತೋರುತ್ತಿದೆಯೇ, ಹೇಳಲಾರೆ.

ಆ ಸಂಜೆ ಕೀರ್ತನೆ ಆಯಿತು, ಓದು ಆಯಿತು, ಕಣ್ಣು ಮುಚ್ಚಿದೆವು. ಮೊದಲ ಸರದಿ ತಮ್ಮನದು. ಅವನು ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಕೆಮ್ಮಿದ. ಇನ್ನೂ ಸ್ವಲ್ಪ ಹೊತ್ತಾಯಿತು. ಅವನು ಆಮೆನ್ ಅನ್ನದೆ ನಾನು ಶುರು ಮಾಡುವಂತಿಲ್ಲ. ಅಮ್ಮನ ಬಳೆ ಸದ್ದು ಮಾಡಿತು. ಅಡುಗೆಮನೆಯಲ್ಲಿ ಮುದ್ದೆ ಮುಚ್ಚಿಟ್ಟದ್ದು ತಣ್ಣಗಾಗುತ್ತಿತ್ತು.

“ಕಾಯ್ತೀವಿ,” ಅಂದ ಅಪ್ಪ, ಕಣ್ಣು ಮುಚ್ಚಿಕೊಂಡೇ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕಾದೆವು. ಕೊನೆಗೆ ತಮ್ಮ “ಆಮೆನ್” ಅಂದ, ಮೊದಲು ಏನೂ ಇಲ್ಲದೆ. ನಾನು ಎರಡು ಮಾತಿನಲ್ಲಿ ಮುಗಿಸಿದೆ. ಅಮ್ಮ ಶುರು ಮಾಡಿದಳು. ಅವನ ಹೆಸರು ಹಿಡಿದು, ಅವನ ಕಲ್ಲಾದ ಹೃದಯವನ್ನು ಒಡೆಯೆಂದು, ಅವನನ್ನು ಹಿಡಿದ ಕತ್ತಲೆಯನ್ನು ಓಡಿಸೆಂದು ಬೇಡಿಕೊಂಡಳು. ಅವನು ಪಕ್ಕದಲ್ಲೇ ಕೂತಿದ್ದ. ಮೊಣಕಾಲು ಮೊಣಕಾಲಿಗೆ ತಾಗುವಷ್ಟು ಹತ್ತಿರ.

ಎಷ್ಟು ತಿಂಗಳು ಹೀಗೆ ನಡೆಯಿತೋ ತಿಳಿಯದು. ಮುದ್ದೆ ತಣ್ಣಗೆ ಗಟ್ಟಿಯಾಗಿ ಸಾರಿಗೆ ಕರಗದ ಊಟಗಳ ನೆನಪಿದೆ. ಅಮ್ಮ ಶುಕ್ರವಾರ ಉಪವಾಸ ಶುರು ಮಾಡಿದಳು. ಕೇಳಿದರೆ ಹಸಿವಿಲ್ಲ ಅನ್ನುತ್ತಿದ್ದಳು. ಹೆರಿಗೆ ಮಾಡಿಸಿ ಬಂದು ಕುರ್ಚಿಯಲ್ಲಿ ಕೂತವಳು ಏಳಲಾರದೆ ಅಲ್ಲೇ ನಿದ್ದೆಹೋದ ಶುಕ್ರವಾರಗಳಿದ್ದವು. ತಮ್ಮನ ದಿಂಬಿನ ಕೆಳಗೆ ವಚನದ ಚೀಟಿ ಇಡುತ್ತಿದ್ದಳು. ಅವನು ಅವನ್ನು ಹರಿಯಲಿಲ್ಲ, ಎಸೆಯಲಿಲ್ಲ; ತೆಗೆದು ನೀಟಾಗಿ ಕಿಟಕಿಯ ಮೇಲೆ ಜೋಡಿಸುತ್ತಿದ್ದ. ಅದು ಅವಳಿಗೆ ಇನ್ನೂ ಕಷ್ಟವಾಯಿತು. ಅವನು ಒರಟಾಗಿ ಮಾತಾಡಿದ್ದರೆ ದೆವ್ವವೆಂದಾದರೂ ಅಂದುಕೊಳ್ಳಬಹುದಿತ್ತು. ಅವನು ನೀರು ಸೇದುತ್ತಿದ್ದ, ಅವಳ ಕಾಲಿಗೆ ಎಣ್ಣೆ ಹಚ್ಚುತ್ತಿದ್ದ, ಭಾನುವಾರ ಅವಳ ಜೊತೆ ಚರ್ಚಿಗೂ ಬರುತ್ತಿದ್ದ. ಒಳಗೆ ಮಾತ್ರ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ.

ಆ ವರ್ಷ ತುಮಕೂರಿನಲ್ಲಿ ದೃಢೀಕರಣದ ಆರಾಧನೆ ಇತ್ತು. ಮಗುವಾಗಿದ್ದಾಗ ದೀಕ್ಷಾಸ್ನಾನದಲ್ಲಿ ತಂದೆತಾಯಿ ಕೊಟ್ಟ ಮಾತನ್ನು ಬೆಳೆದ ಮಕ್ಕಳು ಬಿಷಪ್ಪರ ಮುಂದೆ ನಿಂತು ತಮ್ಮದೇ ಬಾಯಿಂದ ಒಪ್ಪಿಕೊಳ್ಳಬೇಕು; ಆಮೇಲೆ ಅವರಿಗೆ ಕರ್ತನ ಭೋಜನದಲ್ಲಿ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ದ್ರಾಕ್ಷಾರಸದಲ್ಲಿ, ಪಾಲು. ನಮ್ಮ ಸಭೆಯ ಐದಾರು ಮಕ್ಕಳ ಜೊತೆ ತಮ್ಮನೂ ಅಯ್ಯನವರ ಪಾಠಕ್ಕೆ ಕೂತಿದ್ದ. ಅಪ್ಪ ಹೇಳಿದ, ಕೂತ. ಪ್ರಶ್ನೆಗಳಿಗೆಲ್ಲ ಅವನದೇ ಸರಿಯುತ್ತರ. ಅಮ್ಮನ ಮುಖಕ್ಕೆ ಬಣ್ಣ ಬಂತು. ಬಿಳಿ ಶರ್ಟು ಹೊಲಿಸಿದಳು. “ಅಲ್ಲಿ ತಲೆ ಮೇಲೆ ಬಿಷಪ್ಪರ ಕೈ ಬಿದ್ರೆ ಸರಿಹೋಗ್ತಾನೆ ಕಣೆ” ಎಂದು ನನಗೆ ಪದೇ ಪದೇ ಹೇಳುತ್ತಿದ್ದಳು. ಸರಿಹೋಗದಿದ್ದರೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಬೆಳಗಿನ ಬಸ್ಸಿನಲ್ಲಿ ಎಲ್ಲರೂ ಹೊರಟೆವು. ಹುಡುಗಿಯರು ಬಿಳಿ ಸೀರೆಯಲ್ಲಿ ಎದ್ದೂ ಕೂತೂ ಮಡಿಕೆ ಸರಿಮಾಡಿಕೊಳ್ಳುತ್ತಿದ್ದರು. ಅಪ್ಪನಿಗೆ ಎಲ್ಲ ಮಕ್ಕಳ ಹೊಣೆ. ಕೊರಟಗೆರೆಯಲ್ಲಿ ಬಸ್ಸು ಟೀಗೆ ನಿಂತಿತು. ತಮ್ಮ ಇಳಿದ. ಕಂಡಕ್ಟರು ಸೀಟಿ ಊದಿದ ಮೇಲೂ ಅವನು ಹತ್ತಲಿಲ್ಲ. ಕಿಟಕಿಯಿಂದ ನೋಡಿದರೆ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದ, ಕೈಕಟ್ಟಿಕೊಂಡು, ಬಸ್ಸನ್ನೇ ನೋಡುತ್ತಾ.

“ಹತ್ತೋ! ಬಸ್ಸು ಹೊಂಟೈತೆ!” ಅಮ್ಮ ಕೂಗಿದಳು. ಅವನು ತಲೆ ಅಲ್ಲಾಡಿಸಿದ.

“ಹತ್ತೋರು ಹತ್ತ್ರಮ್ಮ, ಇಳಿಯೋರು ಇಳೀರಿ,” ಅಂದ ಕಂಡಕ್ಟರು. “ಬೀಗ್ರನ್ನ ಒಪ್ಪಿಸೋ ಜಾಗ ಅಲ್ಲ ಇದು.”

ಅಮ್ಮ ಅಪ್ಪನನ್ನು ನೋಡಿದಳು. “ನೀವು ಈ ಮಕ್ಳನ್ನ ಕರ್ಕೊಂಡು ನಡೀರಿ” ಎಂದು ಇಳಿದಳು. ನಾನೂ ಅವಳ ಹಿಂದೆ ಇಳಿದೆ. ಬಸ್ಸು ಹೋಯಿತು. ಹಿಂದಿನ ಕಿಟಕಿಯಲ್ಲಿ ಬಿಳಿ ಬಟ್ಟೆಯ ಹುಡುಗಿಯರ ಮುಖಗಳು ನಮ್ಮ ಕಡೆಗೇ ತಿರುಗಿದ್ದವು. ತಮ್ಮ ಈಗ ಹೇಳುವುದೇ ಬೇರೆ: ನಾನು ಇಳಿಯಲೇ ಇಲ್ಲವಂತೆ, ಅಪ್ಪನ ಜೊತೆ ತುಮಕೂರಿಗೆ ಹೋದೆನಂತೆ. ನನ್ನ ದಿನಚರಿಯಲ್ಲಿ ಆ ದಿನದ ಪುಟದಲ್ಲಿ “ಕೊರಟಗೆರೆ. ಬಿಸಿಲು” ಎಂದಷ್ಟೇ ಇದೆ. ಹಾಗಿದ್ದರೆ ಮುಂದಿನ ಮಾತುಗಳು ಅಮ್ಮ ಆಮೇಲೆ ನನಗೆ ಹೇಳಿದವಿರಬೇಕು. ಆದರೆ ಆ ಬೆಂಚು, ಅದರ ಮೇಲೆ ಒಣಗಿದ ಚಟ್ನಿಯ ಕಲೆ ನನಗೆ ಕಣ್ಣಿಗೆ ಕಟ್ಟಿದಂತಿವೆ.

ಅಮ್ಮ ಅವನ ಪಕ್ಕ ಕೂತಳು. “ಇನ್ನೊಂದು ಬಸ್ಸು ಐತೆ. ಈಗ್ಲೂ ಹೋಗ್ಬೋದು.”

“ಹೋಗಿ ಏನ್ ಮಾಡ್ಲಮ್ಮ? ನಂಬ್ತೀಯಾ ಅಂತಾರೆ, ನಂಬ್ತೀನಿ ಅನ್ಬೇಕು. ಬಾಯಲ್ಲಿ ಅನ್ನೋಕೇನು, ಅಂದ್ಬುಡಬೋದು.”

“ಅನ್ನು ಮತ್ತೆ! ಎಲ್ರೂ ಹಂಗೇ ಅಂದಿದ್ದು. ನಾನೂ ನಿನ್ನ ವಯಸ್ಸಲ್ಲಿ ಏನೂ ತಿಳೀದೆ ಹೂಂ ಅಂದೆ ಕಣೋ. ಆಮೇಲೆ ಬಂತು.”

“ಬರದೇ ಇದ್ರೆ?”

ಹೋಟೆಲಿನವನು ಬಂದು ಏನು ಕೊಡಲಿ ಎಂದು ಕೇಳಿ, ಯಾರೂ ಉತ್ತರಿಸದ್ದರಿಂದ ಹೊರಟುಹೋದ.

“ಬರದೇ ಇದ್ರೆ ಜೀವ್ಮಾನ ಪೂರ್ತಿ ನಿನ್ನ ಎದುರಿಗೆ ನಾಟ್ಕ ಆಡ್ಬೇಕು,” ಅಂದ ಅವನು. “ನಿಂಗೆ ಅದು ಸಾಕಾ?”

ಅವಳು ಕೈ ಎತ್ತಿ ಅವನ ತಲೆಯ ಮೇಲೆ ಇಡಲು ಹೋದಳು. ತುಟಿ ಆಗಲೇ ಅಲುಗುತ್ತಿತ್ತು. ಅವನು ತಲೆ ಸರಿಸಿದ. “ಬೇಡಮ್ಮ, ಇಲ್ಲಿ ಬೇಡ. ಎಲ್ಲೂ ಬೇಡ. ಹೆರಿಗೆಗೆ ಬಂದ ಹೆಂಗಸ್ರಿಗೆಲ್ಲ ಏನಂತೀಯ ನೀನು? ನೋವು ಬರೋಕ್ಮುಂಚೆ ತಿಣುಕಬೇಡ ಕಣೆ, ಕಾಯಿ, ಜೀವಕ್ಕೆ ಮೋಸ ಆಗ್ತೈತೆ ಅಂತೀಯ. ನಂಗ್ಯಾಕೆ ದಿನಾ ತಿಣುಕು ತಿಣುಕು ಅಂತೀಯಮ್ಮ?”

“ಅಲ್ಲಿ ಮಗ ಒಳಗವ್ನೆ ಅಂತ ಗೊತ್ತಿರ್ತೈತಲ್ಲೋ,” ಅಂದಳು ಅಮ್ಮ. “ಕಿವಿಯಿಟ್ರೆ ಎದೆ ಬಡ್ಕಳೋದು ಕೇಳ್ತೈತೆ. ನಿನ್ನ ಹತ್ರ ಕಿವಿಯಿಟ್ರೆ ನಂಗೇನೂ ಕೇಳಿಸ್ತಿಲ್ಲ.”

ಮಧುಗಿರಿಯ ಕಡೆಗೆ ಬಸ್ಸು ಬಂದಾಗ ಅವಳು ಕೇಳಿದಳು, “ಸಂಜೆ ಪ್ರಾರ್ಥನೆಗಾದ್ರೂ ಕೂತ್ಕೋತೀಯೇನೋ?”

“ಕೂತ್ಕೋತೀನಿ. ಬಾಯ್ ಬಿಡು ಅನ್ಬಾರ್ದು. ನಿನ್ನ ಪ್ರಾರ್ಥನೇಲಿ ನನ್ನ ವಿಷ್ಯ ಎತ್ಬಾರ್ದು.”

“ನಿನ್ನ ವಿಷ್ಯ ಬುಟ್ಟು ದೇವ್ರ ಹತ್ರ ನಂಗೆ ಇನ್ನೇನೈತೋ?”

“ಹಂಗಾದ್ರೆ ನಾನು ಕೂರಲ್ಲ.”

ಅವಳು ಒಪ್ಪಿದಳು. ಬಸ್ಸಿನಲ್ಲಿ ಊರು ಬರುವವರೆಗೂ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದಳು.

ಅಪ್ಪ ತುಮಕೂರಿನಿಂದ ಬಂದಾಗ ಕತ್ತಲಾಗುತ್ತಿತ್ತು. ಏನೂ ಕೇಳಲಿಲ್ಲ. ಕೈಕಾಲು ತೊಳೆದು ಚಾಪೆ ಹಾಸಿದ. ಅಮ್ಮ ಒಪ್ಪಿಕೊಂಡದ್ದನ್ನು ನಾನು ಅವನಿಗೆ ಮೆಲ್ಲಗೆ ಹೇಳಿದೆ. ಅವನು ಬಹಳ ಹೊತ್ತು ಸತ್ಯವೇದದ ರಟ್ಟನ್ನು ಒರೆಸುತ್ತಾ ಇದ್ದು, “ಸರಿ. ಅವನದ್ದು ಬಿಟ್ಟು ಮುಂದೆ ಹೋಗೋಣ” ಅಂದ. ಅಪ್ಪನ ಅಪ್ಪನ ಕಾಲದ ಕ್ರಮ ಅಂದಿಗೆ ಮುಗಿಯಿತು. ನಾನು ಪ್ರಾರ್ಥಿಸಿದೆ. ಅಮ್ಮನ ಸರದಿ ಬಂತು. “ಪರಲೋಕದ ತಂದೆಯೇ” ಅಂದಳು. ಮುಂದಕ್ಕೆ ಮಾತು ಬರಲಿಲ್ಲ. ಮತ್ತೆ “ತಂದೆಯೇ” ಅಂದಳು. ಆಸ್ಪತ್ರೆಯ ರೋಗಿಗಳಿಗಾಗಿ ಎರಡು ಮಾತು ಹೇಳಿ ನಿಲ್ಲಿಸಿದಳು. ಮರುದಿನವೂ ಹಾಗೆಯೇ ಆಯಿತು. ಸಭೆಯಲ್ಲಿ ಉದ್ದ ಪ್ರಾರ್ಥನೆಗೆ ಹೆಸರಾದ ಹೆಂಗಸು ನಮ್ಮ ಚಾಪೆಯ ಮೇಲೆ ಬಾಯಿ ಕಟ್ಟಿದವಳಂತೆ ಕೂರುತ್ತಿದ್ದಳು. ಬಟ್ಟೆ ಒಗೆಯುವಾಗ ನನ್ನನ್ನು ಕೇಳುತ್ತಿದ್ದಳು, “ಅವನು ಮನಸ್ನಲ್ಲಾದ್ರೂ ಮಾಡ್ತಾನೇನೇ? ನಿಂಗೇನನ್ಸ್ತೈತೆ?” ಗೊತ್ತಿಲ್ಲಮ್ಮ ಅನ್ನುತ್ತಿದ್ದೆ. ಅವಳು ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಿದ್ದಳು.

ತಮ್ಮನಿಗೆ ಇಂದಿಗೂ ದೃಢೀಕರಣವಾಗಿಲ್ಲ. ಚರ್ಚಿಗೆ ಬರುತ್ತಾನೆ, ಕರ್ತನ ಭೋಜನದ ಹೊತ್ತಿಗೆ ಎದ್ದು ಹೊರಗೆ ನಿಲ್ಲುತ್ತಾನೆ. ಬರುವುದೇಕೆ ಎಂದು ಒಮ್ಮೆ ಕೇಳಿದ್ದಕ್ಕೆ, “ಇನ್ನೆಲ್ಲಿಗೆ ಹೋಗ್ಲಿ?” ಅಂದ. ಅದನ್ನು ವಿಶ್ವಾಸವೆನ್ನಬೇಕೇ, ಅಭ್ಯಾಸವೆನ್ನಬೇಕೇ? ನನಗೆ ತಿಳಿಯುವುದಿಲ್ಲ. ತಿಳಿಯದಿರುವುದನ್ನು ಆ ಎಳೆಯ ತಾಯಂದಿರಿಗೆ ಪಾಠವಾಗಿ ಹೇಗೆ ಒಪ್ಪಿಸಲಿ?

ಒಂದು ಸಂಜೆಯ ಕುರಿತು ಮಾತ್ರ ಹೇಳಬಹುದು. ಕೊರಟಗೆರೆಯಿಂದ ಹಿಂದಿರುಗಿ ಕೆಲವು ವಾರಗಳಾಗಿದ್ದವು. ಅಂದು ಆಸ್ಪತ್ರೆಯಲ್ಲಿ ಒಂದು ಹೆರಿಗೆ ಕೆಟ್ಟಿತ್ತು; ತಾಯಿ ಉಳಿದಳು, ಮಗು ಉಳಿಯಲಿಲ್ಲ. ಅಮ್ಮ ಬಂದವಳೇ ಸೀರೆಯನ್ನೂ ಬದಲಾಯಿಸದೆ ಚಾಪೆಯ ಮೇಲೆ ಕೂತಳು. ಅವಳ ಸರದಿಯಲ್ಲಿ ಏನೂ ಕೇಳಿಸದೆ ನಾನು ಕಣ್ಣು ತೆರೆದೆ. ಅವಳ ಕಣ್ಣು ತೆರೆದೇ ಇದ್ದವು. ಎದುರಿನ ಗೋಡೆಯನ್ನು ನೋಡುತ್ತಿದ್ದಳು. ಪರಲೋಕದ ತಂದೆಯೇ ಎನ್ನಲಿಲ್ಲ.

“ನಂಗೆ ಭಯ ಆಗ್ತೈತೆ ಕಣಪ್ಪ,” ಅಂದಳು. “ಇವತ್ತು ಆ ಮಗೀಗೋಸ್ಕರ ನಿನ್ನ ಕರೆದೆ. ನೀನು ಬರ್ಲಿಲ್ಲ. ನಂಗೂ ಕೇಳಿಸ್ಲಿಲ್ಲ.”

ಅಷ್ಟೇ. ಆಮೆನ್ ಕೂಡ ಅನ್ನಲಿಲ್ಲ. ಅಪ್ಪ ತಲೆಬಗ್ಗಿಸಿ ಕೂತಿದ್ದ, ತನ್ನ ಸರದಿಯನ್ನು ಶುರು ಮಾಡಲಿಲ್ಲ. ತಮ್ಮನೂ ಕಣ್ಣು ತೆರೆದಿದ್ದ. ಅಮ್ಮನನ್ನೇ ನೋಡುತ್ತಿದ್ದ, ಎಷ್ಟೋ ತಿಂಗಳುಗಳಲ್ಲಿ ನೋಡಿರದಷ್ಟು ಹೊತ್ತು. ಕೂತಲ್ಲಿಂದಲೇ ಸ್ವಲ್ಪ ಸರಿದು ಅವಳ ಹತ್ತಿರ ಬಂದ. ಆ ಸಂಜೆ ಯಾರೂ ಪ್ರಾರ್ಥನೆಯನ್ನು ಮುಗಿಸಲಿಲ್ಲ, ಯಾರೂ ಎದ್ದೂ ಹೋಗಲಿಲ್ಲ.